‘ಅಥವಾ ಅದಕ್ಕಿಂತ ಹೊಸದು’

ಉಬುಂಟು 22.04 ಅಥವಾ ಅದಕ್ಕಿಂತ ಹೊಸದು. ಗ್ರಂಥಾಲಯ ನಿರ್ವಹಣೆಗೆಂದು ಬರೆಯಲಾದ ಒಂದು ಮುಕ್ತ ತಂತ್ರಾಂಶದ ಕೈಪಿಡಿಯಲ್ಲಿ, ‘ಏನೇನು ಬೇಕು’ ಎಂಬ ತಲೆಬರಹದ ಕೆಳಗೆ ಇದ್ದ ಸಾಲು ಇಷ್ಟೇ. ಉಬುಂಟು ಎಂದರೆ ಲಿನಕ್ಸ್ ಕುಟುಂಬದ ಒಂದು ಮುಕ್ತ ಆಪರೇಟಿಂಗ್ ಸಿಸ್ಟಂ. ಈ ಸಾಲಿನ ಮೊದಲರ್ಧ ನಿಜವಾಗಿತ್ತು. ಉಳಿದರ್ಧವನ್ನು ನಂಬಿದ ಕಾರಣಕ್ಕೆ 2024ರ ಜನವರಿಯಲ್ಲಿ ನಾನು ಒಂಬತ್ತು ಸಂಜೆಗಳನ್ನೂ ಒಂದು ಭಾನುವಾರವನ್ನೂ ಕಳೆದುಕೊಂಡೆ. ತಂತ್ರಾಂಶದ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಸಂಬಳವಿಲ್ಲದೆ ಅದನ್ನು ಬರೆದು ಹಂಚುತ್ತಿರುವವರ ಮೇಲೆ ದೂರು ಹೊರಿಸುವ ಮನಸ್ಸು ನನಗಿಲ್ಲ. ಅಲ್ಲದೆ ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ ಆಗಿತ್ತು.

ನಾನು ತುಮಕೂರಿನ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹೆಸರಿಗೆ ಲ್ಯಾಬ್ ಎಂದಿದ್ದರೂ, ಕಾಲೇಜಿನಲ್ಲಿ ಪ್ಲಗ್ ಇರುವ ಯಾವ ವಸ್ತು ಕೆಟ್ಟರೂ ಕರೆ ಬರುವುದು ನನಗೇ. ಆ ವರ್ಷ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬರುವುದಿತ್ತು. ನ್ಯಾಕ್‌ನ ಆಗಿನ ಮಾನದಂಡಗಳಲ್ಲಿ 4.2.1 ಎಂಬ ಸಂಖ್ಯೆಯದು ಗ್ರಂಥಾಲಯಕ್ಕೆ ಸಂಬಂಧಿಸಿದ್ದು. ಗ್ರಂಥಾಲಯ ಗಣಕೀಕೃತವಾಗಿದೆಯೇ, ಯಾವ ತಂತ್ರಾಂಶದಿಂದ, ಅದರ ಯಾವ ಆವೃತ್ತಿಯಿಂದ, ಯಾವ ವರ್ಷದಿಂದ ಎಂದು ಅಲ್ಲಿ ಬರೆಯಬೇಕಿತ್ತು. ‘ಆವೃತ್ತಿ’ ಎಂಬ ಪದದ ಮುಂದೆ ಹೊಸ ಸಂಖ್ಯೆ ಇದ್ದರೆ ನೋಡುವವರಿಗೆ ಚೆನ್ನಾಗಿ ಕಾಣುತ್ತದೆ ಎಂಬ ಆಸೆ ನಮ್ಮೆಲ್ಲರ ಒಳಗೂ ಇತ್ತು. ನಮ್ಮ ಗ್ರಂಥಪಾಲಕಿ ಮೇಡಂ, ಹದಿನಾಲ್ಕು ಸಾವಿರದಷ್ಟು ಪುಸ್ತಕಗಳ ಅಕ್ಸೆಷನ್ ರಿಜಿಸ್ಟರನ್ನು ಇಪ್ಪತ್ತು ವರ್ಷ ಕೈಯಲ್ಲೇ ಬರೆದುಕೊಂಡು ಬಂದವರು, "ಸಾರ್, ಹೇಗೂ ಹಾಕ್ತಾ ಇದ್ದೀರಿ, ಹೊಸದನ್ನೇ ಹಾಕಿಬಿಡಿ. ಆಮೇಲೆ ಮತ್ತೆ ಬದಲಾಯಿಸೋ ಕೆಲಸ ಬೇಡ" ಎಂದರು. ಆ ಮಾತು ನನಗೂ ಸರಿಯೆನಿಸಿತು.

ಉಬುಂಟುವಿನ ಆವೃತ್ತಿ ಸಂಖ್ಯೆಯಲ್ಲಿ ಗೂಢವೇನೂ ಇಲ್ಲ. 22.04 ಎಂದರೆ 2022ರ ಏಪ್ರಿಲ್, 23.10 ಎಂದರೆ 2023ರ ಅಕ್ಟೋಬರ್. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಆವೃತ್ತಿಗೆ ಐದು ವರ್ಷಗಳ ಆರೈಕೆ, ಅಂದರೆ ದೋಷಗಳ ತಿದ್ದುಪಡಿ, ಇರುತ್ತದೆ. ಅದರ ನಡುವೆ ಆರು ತಿಂಗಳಿಗೊಂದರಂತೆ ಬರುವ ಆವೃತ್ತಿಗಳಿಗೆ ಒಂಬತ್ತೇ ತಿಂಗಳು. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಡೌನ್‌ಲೋಡ್ ಪುಟದಲ್ಲಿ ಎರಡೂ ಇದ್ದವು, ಎರಡರ ಅವಧಿಯನ್ನೂ ಬರೆದಿದ್ದರು, ನಾನು ದೊಡ್ಡ ಸಂಖ್ಯೆಯನ್ನು, ಅಂದರೆ 23.10ನ್ನು, ಆರಿಸಿಕೊಂಡೆ. ಕೈಪಿಡಿಯೇ ‘ಅದಕ್ಕಿಂತ ಹೊಸದು’ ಎಂದು ಅನುಮತಿ ಕೊಟ್ಟಿರುವಾಗ ಹಳೆಯದನ್ನು ಹಾಕುವುದು ಏಕೆ ಎಂಬುದು ಆ ಹೊತ್ತಿನ ನನ್ನ ತರ್ಕ.

ಆಪರೇಟಿಂಗ್ ಸಿಸ್ಟಂ ಇಪ್ಪತ್ತು ನಿಮಿಷದಲ್ಲಿ ಸಲೀಸಾಗಿ ಕೂತಿತು. ತೊಡಕು ಆರಂಭವಾದದ್ದು ಆಮೇಲೆ. ತಂತ್ರಾಂಶದ ಹುಡುಕಾಟದ ಭಾಗವನ್ನು ಇನ್‌ಸ್ಟಾಲ್ ಮಾಡಲು ಹೊರಟಾಗ ಪರದೆಯ ಮೇಲೆ ಬಂದ ಉತ್ತರದ ಸಾರಾಂಶ ಹೀಗಿತ್ತು: ಈ ಪ್ಯಾಕೇಜಿಗೆ (ಇನ್‌ಸ್ಟಾಲ್ ಮಾಡಲೆಂದು ಕಟ್ಟಿಟ್ಟ ತಂತ್ರಾಂಶದ ಗಂಟಿಗೆ) ‘ಲಿಬ್‌ಐಸಿಯು70’ ಬೇಕು, ಆದರೆ ಅದನ್ನು ಇನ್‌ಸ್ಟಾಲ್ ಮಾಡಲಾಗದು, ನೀವು ಮುರಿದ ಪ್ಯಾಕೇಜುಗಳನ್ನು ಹಿಡಿದಿಟ್ಟುಕೊಂಡಿದ್ದೀರಿ. ಕೊನೆಯ ವಾಕ್ಯವನ್ನು ಓದಿದಾಗ ಯಾರದೋ ಮನೆಯ ಪಾತ್ರೆ ಒಡೆದು ಬಚ್ಚಿಟ್ಟುಕೊಂಡವನಂತೆ ನನಗೆ ಮುಜುಗರವಾಯಿತು. ಒಂದು ಗಂಟೆಯ ಹಿಂದಷ್ಟೇ ಹಾಕಿದ ಹೊಚ್ಚಹೊಸ ಸಿಸ್ಟಂನಲ್ಲಿ ನಾನು ಏನನ್ನು ಮುರಿಯಲು ಸಾಧ್ಯವಿತ್ತು?

ಐಸಿಯು ಎಂಬುದು ಯೂನಿಕೋಡ್ ಅಕ್ಷರಗಳನ್ನು ಸರಿಯಾಗಿ ಜೋಡಿಸಲು, ಹೋಲಿಸಲು, ಅಕಾರಾದಿಯಾಗಿ ಇರಿಸಲು ಬೇಕಾದ ಕೋಡಿನ ಸಂಗ್ರಹ. ಇಂಗ್ಲಿಷ್ ಪುಸ್ತಕಗಳು ಮಾತ್ರ ಇರುವ ಗ್ರಂಥಾಲಯವು ಅದಿಲ್ಲದೆಯೂ ಹೇಗೋ ನಡೆದೀತು. ಒತ್ತಕ್ಷರ, ಗುಣಿತಾಕ್ಷರಗಳಿರುವ ಕನ್ನಡದ ಶೀರ್ಷಿಕೆಗಳನ್ನು ಹುಡುಕಿ ಕೊಡಬೇಕಾದರೆ ಅಂಥದ್ದೊಂದು ಬೇಕೇ ಬೇಕು. ಆದ್ದರಿಂದ ಆ ಭಾಗವನ್ನು ಬಿಟ್ಟು ಮುಂದೆ ಹೋಗುವ ದಾರಿ ನಮಗಿರಲಿಲ್ಲ. ಉಬುಂಟು 22.04ರಲ್ಲಿ ಇದರ 70ನೆಯ ಆವೃತ್ತಿ ಇದೆ, 23.10ರಲ್ಲಿ 72ನೆಯದು, ಮುಂದೆ ಬಂದ 24.04ರಲ್ಲಿ 74ನೆಯದು. 70ನ್ನು ಇಟ್ಟುಕೊಂಡು ಕಟ್ಟಿದ ತಂತ್ರಾಂಶ 72ನ್ನು ತನ್ನದೆಂದು ಒಪ್ಪಿಕೊಳ್ಳುವುದಿಲ್ಲ.

ಇಲ್ಲಿ ನಾನು ಮಾಡಿದ್ದು, ಲಿನಕ್ಸ್ ಬಳಸುವ ಬಹಳ ಮಂದಿ ಒಮ್ಮೆಯಾದರೂ ಮಾಡಿರುವ ಕೆಲಸ. 72ನೆಯ ಆವೃತ್ತಿಯ ಕಡತಕ್ಕೆ 70ರ ಹೆಸರಿನ ಒಂದು ಕೊಂಡಿ ಸೃಷ್ಟಿಸಿದೆ, ಅಂದರೆ ಬೇರೆ ಅಂಗಡಿಗೆ ಹಳೆಯ ಅಂಗಡಿಯ ಬೋರ್ಡು ತಗುಲಿಹಾಕಿದೆ. ಇಂಥ ಇತರ ಕೆಲವು ಕೋಡ್ ಸಂಗ್ರಹಗಳ ವಿಷಯದಲ್ಲಿ ಈ ಉಪಾಯ ನಡೆದದ್ದುಂಟು. ಐಸಿಯು ಮಾತ್ರ ಅದಕ್ಕೆ ಬಗ್ಗುವುದಿಲ್ಲ. ಅದನ್ನು ಬರೆದವರು ತಮ್ಮ ಒಂದೊಂದು ಫಂಕ್ಷನ್ನಿನ, ಅಂದರೆ ಕೋಡಿನ ತುಣುಕಿನ, ಹೆಸರಿನ ಬಾಲಕ್ಕೂ ಆವೃತ್ತಿ ಸಂಖ್ಯೆಯನ್ನು ಅಂಟಿಸಿದ್ದಾರೆ; 70ರಲ್ಲಿ ಎಲ್ಲ ಹೆಸರುಗಳೂ 70ರಿಂದ ಮುಗಿಯುತ್ತವೆ, 72ರಲ್ಲಿ 72ರಿಂದ. ಬೋರ್ಡು ನೋಡಿ ಒಳಗೆ ಬಂದ ತಂತ್ರಾಂಶವು ಒಳಗಿನ ಪ್ರತಿಯೊಬ್ಬರ ಹೆಸರನ್ನೂ ಕೇಳಿ, ಒಬ್ಬರೂ ಪರಿಚಿತರಲ್ಲವೆಂದು ಹೊರಟುಹೋಯಿತು. ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಆ ಬಾಲ ಅಂಟಿಸಿದವರ ಬಗ್ಗೆ ಗೌರವ ಬರುತ್ತದೆ. ಹೊಂದದ ಆವೃತ್ತಿಯೊಂದಿಗೆ ಓಡಿ, ಕನ್ನಡದ ಪಟ್ಟಿಯನ್ನು ಯಾರಿಗೂ ತಿಳಿಯದಂತೆ ತಪ್ಪಾಗಿ ಜೋಡಿಸಿಡುವುದಕ್ಕಿಂತ ಓಡದೇ ಇರುವುದು ಲೇಸು ಎಂದು ಅವರು ನಿರ್ಧರಿಸಿದ್ದರು.

ಮರುದಿನ ಸಂಜೆ 22.04ರ ಭಂಡಾರದಿಂದ 70ನೆಯ ಆವೃತ್ತಿಯ ಪ್ಯಾಕೇಜನ್ನೇ ಕೈಯಿಂದ ಇಳಿಸಿಕೊಂಡು ಹಾಕಿದೆ. ಅದು ಒಪ್ಪಿಕೊಂಡಿತು. ಎರಡು ಆವೃತ್ತಿಗಳು ಪಕ್ಕಪಕ್ಕದಲ್ಲಿ ಜಗಳವಿಲ್ಲದೆ ಇದ್ದವು. ಆ ರಾತ್ರಿ ನೆಮ್ಮದಿಯಿಂದ ಮಲಗಿದೆ. ಅದೇ ನನ್ನನ್ನು ಹಾಳು ಮಾಡಿದ್ದು. ಒಂದು ಅಡ್ಡದಾರಿ ಕೈಹಿಡಿದರೆ ಮುಂದಿನದೂ ಹಿಡಿಯುತ್ತದೆ ಎಂಬ ಧೈರ್ಯ ಬಂದುಬಿಡುತ್ತದೆ.

ಮುಂದಿನದು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ. ತಂತ್ರಾಂಶದ ಕೆಲವು ಭಾಗಗಳು 22.04ರಲ್ಲಿರುವ ಪರ್ಲ್ 5.34ಕ್ಕೆ ಹೊಂದುವಂತೆ ಕಂಪೈಲ್ ಆಗಿದ್ದವು. 23.10ರಲ್ಲಿ ಇದ್ದದ್ದು 5.36. ಪರ್ಲ್ ಐಸಿಯುವಿನಂತೆ ಪಕ್ಕದಲ್ಲಿ ಇನ್ನೊಂದನ್ನು ಕೂರಿಸಿಕೊಳ್ಳುವ ಜಾತಿಯದಲ್ಲ. ಡೆಬಿಯನ್ ಎಂಬ ಲಿನಕ್ಸ್ ಸಿಸ್ಟಂ ಮತ್ತು ಅದರಿಂದ ಹುಟ್ಟಿದ ಉಬುಂಟುವಿನಲ್ಲಿ ಅದರ ಮೂಲಭಾಗವು ಇಡೀ ವ್ಯವಸ್ಥೆಗೆ ಅತ್ಯಗತ್ಯವೆಂದು ಗುರುತಿಸಲಾದ ಪ್ಯಾಕೇಜು. ಹೊಸ ಪ್ಯಾಕೇಜುಗಳನ್ನು ಹಾಕುವಾಗ ನಡುವೆ ಪ್ರಶ್ನೆ ಕೇಳಿ ಉತ್ತರ ಪಡೆಯುವ ಸಾಧನವೇ ಪರ್ಲ್‌ನಲ್ಲಿ ಬರೆದದ್ದು. ಅದನ್ನು ಹಿಂದಿನ ಆವೃತ್ತಿಗೆ ಇಳಿಸುವುದೆಂದರೆ ಕುಳಿತ ಕೊಂಬೆಯನ್ನೇ ಕಡಿಯುವುದು. ಎಚ್ಚರಿಕೆ ಬಂದಿತ್ತು. ಬಲವಂತದ ಆಯ್ಕೆಯನ್ನು ಸೇರಿಸಿ ಎಂಟರ್ ಒತ್ತಿದೆ. ಆಮೇಲೆ ಯಾವ ಪ್ಯಾಕೇಜನ್ನು ಹಾಕಹೊರಟರೂ ಅರ್ಧಕ್ಕೆ ನಿಲ್ಲುತ್ತಿತ್ತು, ತೆಗೆಯಹೊರಟರೂ ಅರ್ಧಕ್ಕೇ. ಈಗ ಮುರಿದ ಪ್ಯಾಕೇಜುಗಳನ್ನು ನಾನು ನಿಜವಾಗಿಯೂ ಹಿಡಿದಿಟ್ಟುಕೊಂಡಿದ್ದೆ.

ಬೇರೆ ಬೇರೆ ಬಿಡುಗಡೆಗಳ ಪ್ಯಾಕೇಜುಗಳನ್ನು ಹೀಗೆ ಬೆರೆಸಬಾರದೆಂದು ಡೆಬಿಯನ್‌ನವರು ಬಹಳ ಹಿಂದಿನಿಂದ ಹೇಳುತ್ತಲೇ ಬಂದಿದ್ದಾರೆ. ಅಂಥ ವ್ಯವಸ್ಥೆಗೆ ಅವರು ಇಟ್ಟಿರುವ ಅಡ್ಡಹೆಸರು ‘ಫ್ರಾಂಕನ್‌ಡೆಬಿಯನ್’. ಹೆಣಗಳ ತುಂಡುಗಳನ್ನು ಹೊಲಿದು ಎಬ್ಬಿಸಿದ ರಾಕ್ಷಸನ ಕಥೆಯಿಂದ ಬಂದ ಹೆಸರದು. ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯ ಲೋಕದವರು ಇನ್ನೂ ನೇರ. ಬಾರ್‌ಕೋಡ್ ಚೀಟಿಗಳನ್ನು ತಯಾರಿಸುವ ಒಂದು ಸಣ್ಣ ಸ್ಕ್ರಿಪ್ಟಿಗಾಗಿ, ಪೈಥಾನ್ ಪ್ಯಾಕೇಜುಗಳನ್ನು ತರಿಸಿ ಹಾಕುವ ಪಿಪ್ ಎಂಬ ಸಾಧನ ಬಳಸಿದಾಗ, ಈ ಪರಿಸರವನ್ನು ಆಪರೇಟಿಂಗ್ ಸಿಸ್ಟಂ ನೋಡಿಕೊಳ್ಳುತ್ತಿದೆ, ಇಲ್ಲಿ ಕೈ ಹಾಕಬೇಡಿ ಎಂಬರ್ಥದ ತಡೆ ಎದುರಾಯಿತು. 2023ರಲ್ಲಿ ಬಂದ ಉಬುಂಟು 23.04, ಡೆಬಿಯನ್ 12 ಇವುಗಳಿಂದ ಈ ತಡೆ ಇದೆ, 22.04ಕ್ಕೆ ಬರೆದ ಹಳೆಯ ಸೂಚನೆಗಳೆಲ್ಲ ಇಲ್ಲಿ ಎಡವುತ್ತವೆ. ತಡೆಯನ್ನು ದಾಟಲು ಅವರೇ ಕೊಟ್ಟಿರುವ ಆಯ್ಕೆಯ ಹೆಸರು ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’. ಇಷ್ಟು ಪ್ರಾಮಾಣಿಕವಾದ ಹೆಸರನ್ನು ನಾನು ಬೇರೆ ಯಾವ ತಂತ್ರಾಂಶದಲ್ಲೂ ಕಂಡಿಲ್ಲ. ಹೆಸರನ್ನು ಪೂರ್ತಿಯಾಗಿ ಟೈಪ್ ಮಾಡಿ, ಆಮೇಲೂ ಆಶ್ಚರ್ಯಪಟ್ಟವನು ನಾನು.

ಈ ಒಂಬತ್ತು ಸಂಜೆಗಳಲ್ಲಿ ನನ್ನನ್ನು ಹೆಚ್ಚು ದಣಿಸಿದ್ದು ಸೋಲಲ್ಲ, ಸೋಲು ತನ್ನ ಕಾರಣವನ್ನು ಹೇಳದಿದ್ದದ್ದು. ನನಗೆ ಬಂದ ಹದಿನೈದಿಪ್ಪತ್ತು ದೋಷ ಸಂದೇಶಗಳಲ್ಲಿ ಒಂದಾದರೂ ‘ಈ ಆಪರೇಟಿಂಗ್ ಸಿಸ್ಟಂನ ಮೇಲೆ ನಮ್ಮನ್ನು ಯಾರೂ ಓಡಿಸಿ ನೋಡಿಲ್ಲ’ ಎಂದು ಹೇಳಲಿಲ್ಲ. ಒಂದು ಕಡತ ಇಲ್ಲ ಎಂದಿತು, ಇನ್ನೊಂದು ಹೆಸರು ಗೊತ್ತಿಲ್ಲ ಎಂದಿತು, ಮತ್ತೊಂದು ಅನುಮತಿ ಇಲ್ಲ ಎಂದಿತು. ಜ್ವರ, ಕೆಮ್ಮು, ಮೈಕೈ ನೋವು ಎಂದು ಒಂದೊಂದಕ್ಕೂ ಬೇರೆ ಬೇರೆ ಮಾತ್ರೆ ನುಂಗಿದವನಂತೆ ನಾನು ಪ್ರತಿಯೊಂದು ಸಂದೇಶಕ್ಕೂ ಪ್ರತ್ಯೇಕ ಮದ್ದು ಹುಡುಕುತ್ತ ಹೋದೆ. ಹುಡುಕಿದರೆ ಮದ್ದು ಸಿಗುತ್ತದೆ ಎಂಬುದೇ ಇನ್ನೊಂದು ತೊಂದರೆ. ಅದೇ ಸಂದೇಶ 2016ರಲ್ಲಿ ಯಾರಿಗೋ ಬಂದಿರುತ್ತದೆ, ಅವರಿಗೆ ಯಾರೋ ಒಂದು ಆಜ್ಞೆ ಬರೆದುಕೊಟ್ಟಿರುತ್ತಾರೆ, ಅವರಿಗೆ ಅದು ಸರಿಹೋಗಿರುತ್ತದೆ. ಅವರ ಕಾಯಿಲೆ ಬೇರೆ, ನನ್ನದು ಬೇರೆ ಎಂದು ತಿಳಿಯುವ ಹೊತ್ತಿಗೆ ಮಾತ್ರೆ ಹೊಟ್ಟೆ ಸೇರಿರುತ್ತದೆ.

ಅದೇ ವರ್ಷ ಏಪ್ರಿಲ್‌ನಲ್ಲಿ ಉಬುಂಟು 24.04 ಬಂದಿತು. ಜೂನ್‌ನಲ್ಲಿ ಲ್ಯಾಬಿನ ಒಂದು ಯಂತ್ರಕ್ಕೆ ಅದನ್ನು ಹಾಕಿದಾಗ ಇನ್ನೊಂದು ಬಗೆಯ ಒಗಟು ಎದುರಾಯಿತು. ಒಂದು ತಂತ್ರಾಂಶದ ಕೈಪಿಡಿ ಹೇಳಿದಂತೆ ‘ಲಿಬ್‌ಅಸೌಂಡ್2’ ಎಂಬ ಧ್ವನಿಗೆ ಸಂಬಂಧಿಸಿದ ಪ್ಯಾಕೇಜನ್ನು ಕೇಳಿದರೆ, ಹಾಗೆಂಬ ಹೆಸರಿನಲ್ಲಿ ಹಾಕಬಹುದಾದದ್ದು ಏನೂ ಇಲ್ಲ ಎಂಬ ಉತ್ತರ. ವಸ್ತು ಅಲ್ಲೇ ಇತ್ತು, ಆದರೆ ಅದರ ಹೆಸರು ‘ಲಿಬ್‌ಅಸೌಂಡ್2ಟಿ64’ ಎಂದಾಗಿತ್ತು. ಕಾರಣ 2038ರ ಸಮಸ್ಯೆ. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ ಎಣಿಸುವ ಪದ್ಧತಿಯು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ. ಅದಕ್ಕೆ ಸಿದ್ಧರಾಗಲು ಡೆಬಿಯನ್ ಮತ್ತು ಉಬುಂಟುವಿನವರು ಸಮಯದ ಎಣಿಕೆಯನ್ನು 64 ಬಿಟ್‌ಗೆ ಹಿಗ್ಗಿಸಿ, ಹಿಗ್ಗಿದ ಪ್ಯಾಕೇಜುಗಳ ಹೆಸರಿಗೆ ಆ ಬಾಲ ಸೇರಿಸಿದರು. ನಮ್ಮಂಥವರ 64 ಬಿಟ್ ಯಂತ್ರಗಳಲ್ಲಿ ಎಣಿಕೆ ಮೊದಲೇ 64 ಬಿಟ್‌ನದಾಗಿತ್ತು. ಬದಲಾದದ್ದು ಹೆಸರು ಮಾತ್ರ.

ಇದನ್ನು ಗ್ರಂಥಪಾಲಕಿ ಮೇಡಂಗೆ ವಿವರಿಸಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. 2014ರ ನವೆಂಬರ್ 1ರಂದು ನಮ್ಮ ಊರಿನ ಇಂಗ್ಲಿಷ್ ಹೆಸರು ‘ಟುಮ್ಕೂರ್’ ಹೋಗಿ ‘ತುಮಕೂರು’ ಎಂದಾಯಿತು. ಕನ್ನಡದಲ್ಲಿ ಅದು ಮೊದಲೂ ತುಮಕೂರೇ, ಈಗಲೂ ತುಮಕೂರೇ. ಊರು ಒಂದಿಂಚೂ ಸರಿದಿಲ್ಲ. ಆದರೆ ಇಂಗ್ಲಿಷ್ ಪುಸ್ತಕಗಳ ಪಟ್ಟಿಯಲ್ಲಿ ಪ್ರಕಟಣೆಯ ಸ್ಥಳವೆಂಬ ಕಲಮಿನಲ್ಲಿ ಎರಡು ಕಾಗುಣಿತಗಳು ಎರಡು ಬೇರೆ ಊರುಗಳಾಗಿ ಕೂತಿದ್ದವು, ಒಂದನ್ನು ಕೇಳಿದರೆ ಇನ್ನೊಂದರ ಪುಸ್ತಕಗಳು ಬರುತ್ತಿರಲಿಲ್ಲ. "ಹಾಗಾದ್ರೆ ಕೈಪಿಡಿ ಬರೆದೋರು ಇನ್ನೂ ಹಳೇ ಹೆಸರಲ್ಲೇ ಕರೀತಾ ಇದ್ದಾರೆ ಅನ್ನಿ" ಎಂದರು ಮೇಡಂ. ನಾನು ಅರ್ಧ ದಿನ ಓದಿ ತಿಳಿದದ್ದು ಅಷ್ಟೇ ಆಗಿತ್ತು.

ನನ್ನ ತಕರಾರು ಇರುವುದು ಕೈಪಿಡಿಯ ಆ ಮೂರು ಪದಗಳ ಮೇಲೆ. ‘22.04’ ಎಂದು ಬರೆದವನು ತಾನು ಕಂಡದ್ದನ್ನು ಬರೆದ. ‘ಅಥವಾ ಅದಕ್ಕಿಂತ ಹೊಸದು’ ಎಂದು ಸೇರಿಸಿದವನು ತಾನಿನ್ನೂ ಕಾಣದ, ಆ ದಿನಕ್ಕೆ ಹುಟ್ಟಿಯೇ ಇರದ ಸಿಸ್ಟಂಗಳ ಬಗ್ಗೆ ಮಾತು ಕೊಟ್ಟ. ಬಹುಶಃ ಅವನ ಮನಸ್ಸಿನಲ್ಲಿದ್ದದ್ದು ‘ಇದಕ್ಕಿಂತ ಹಳೆಯದು ಬೇಡ’ ಎಂಬ ಎಚ್ಚರಿಕೆ. ಓದುವವನ ಕಿವಿಗೆ ಅದು ಆಮಂತ್ರಣವಾಗಿ ಕೇಳಿಸುತ್ತದೆ. ಪೈಥಾನ್‌ನಲ್ಲಿ ‘ಡಿಸ್ಟ್ಯುಟಿಲ್ಸ್’ ಎಂಬ ಭಾಗವನ್ನು ತೆಗೆಯುತ್ತೇವೆಂದು 3.10ನೆಯ ಆವೃತ್ತಿಯಲ್ಲೇ ಸಾರಿ, 2023ರ ಅಕ್ಟೋಬರ್‌ನಲ್ಲಿ ಬಂದ 3.12ರಲ್ಲಿ ತೆಗೆದೇಬಿಟ್ಟರು. 24.04ರಲ್ಲಿರುವುದು ಅದೇ 3.12. ‘ಪೈಥಾನ್ 3.8 ಅಥವಾ ಅದಕ್ಕಿಂತ ಹೊಸದು’ ಎಂದು ನಂಬಿಕೆಯಿಂದ ಬರೆದಿಟ್ಟಿದ್ದ ಎಷ್ಟೋ ತಂತ್ರಾಂಶಗಳ ಸಾಲು ಆ ದಿನ ಯಾರೂ ಮುಟ್ಟದೆಯೇ ಸುಳ್ಳಾಯಿತು.

ನಮ್ಮ ಮನೆಯದು ಗುಬ್ಬಿ ಕಡೆಯ ಸಣ್ಣ ಹಿಡುವಳಿ. ಅಪ್ಪ ಇಂದಿಗೂ ರಾಗಿ ಹಾಕುತ್ತಾರೆ. ಕೃಷಿ ವಿಶ್ವವಿದ್ಯಾಲಯದವರು ಜಿಪಿಯು 28ರಂಥ ಒಂದು ತಳಿಯನ್ನು ಶಿಫಾರಸು ಮಾಡುವಾಗ ‘ಇಂಥ ವಲಯಕ್ಕೆ’ ಎಂದು ಹೇಳಿಯೇ ಮಾಡುತ್ತಾರೆ. ರಾಜ್ಯದಲ್ಲಿ ಹತ್ತು ಕೃಷಿ ಹವಾಮಾನ ವಲಯಗಳಿವೆ; ನಮ್ಮ ಜಿಲ್ಲೆಯೊಂದರಲ್ಲೇ ಪಾವಗಡ, ಶಿರಾ ಮಧ್ಯ ಒಣ ವಲಯಕ್ಕೂ ತುಮಕೂರು, ಗುಬ್ಬಿ ಪೂರ್ವ ಒಣ ವಲಯಕ್ಕೂ ಸೇರುತ್ತವೆ. ಬಿತ್ತಿ, ಬೆಂಕಿ ರೋಗಕ್ಕೆ ಒಡ್ಡಿ, ಕೊಯ್ದು, ತೂಗಿ ನೋಡಿದ ಮೇಲೆ ಬರುವ ಮಾತು ಅದು. ‘ಪೂರ್ವ ಒಣ ವಲಯ ಅಥವಾ ಅದರಾಚೆ’ ಎಂದು ಯಾರಾದರೂ ಬರೆದುಕೊಟ್ಟರೆ ಅಪ್ಪ ಆ ಚೀಟಿಯನ್ನು ಏನು ಮಾಡುತ್ತಾರೆಂದು ನನಗೆ ಗೊತ್ತು.

ಹಾಗೆಂದು ತಂತ್ರಾಂಶ ಬರೆಯುವವರು ಎಲ್ಲ ಆವೃತ್ತಿಗಳಲ್ಲೂ ಪರೀಕ್ಷಿಸಿ ಕೊಡಲಿ ಎನ್ನಲು ನಾಲಿಗೆ ಏಳುವುದಿಲ್ಲ. ಬಹುತೇಕ ಮುಕ್ತ ತಂತ್ರಾಂಶಗಳ ಜೊತೆ ಬರುವ ಪರವಾನಗಿಗಳು, ಜಿಪಿಎಲ್ ಸೇರಿದಂತೆ, ಯಾವ ಖಾತರಿಯೂ ಇಲ್ಲ, ಇದ್ದದ್ದು ಇದ್ದಂತೆ ಕೊಡುತ್ತಿದ್ದೇವೆ ಎಂದು ಸ್ಪಷ್ಟವಾಗಿಯೇ ಹೇಳುತ್ತವೆ. ನಾನು ಬಳಸಹೊರಟ ತಂತ್ರಾಂಶಕ್ಕೆ ಕಳೆದೊಂದು ವರ್ಷದಲ್ಲಿ ಬದಲಾವಣೆ ಮಾಡಿದವರು ಒಟ್ಟು ಇಬ್ಬರು. ಅವರ ಬಳಿ ಇರುವ ಯಂತ್ರದಲ್ಲಿ ಅವರು ನೋಡಿದ್ದಾರೆ. ಹೊಸ ಸಿಸ್ಟಂನ ಮೇಲೆ ಅದನ್ನು ಮೊದಲು ಓಡಿಸುವವನು ಯಾವಾಗಲೂ ನನ್ನಂಥ ಬಳಕೆದಾರನೇ. ಆದ್ದರಿಂದ ಪರೀಕ್ಷೆ ನಡೆಯುತ್ತಲೇ ಇರುತ್ತದೆ, ಅದರ ಫಲಿತಾಂಶ ಮಾತ್ರ ಅವರಿಗೆ ತಲುಪುವುದಿಲ್ಲ. ನಾವು ಒಂಬತ್ತು ಸಂಜೆ ಬೈದುಕೊಂಡು, ಹತ್ತನೆಯ ಸಂಜೆ ಹಳೆಯ ಆವೃತ್ತಿ ಹಾಕಿಕೊಂಡು ಸುಮ್ಮನಾಗುತ್ತೇವೆ.

ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಪ್ರದೇಶದ ಸಾರ್ವಜನಿಕ ಗ್ರಂಥಾಲಯದವರಿಗೆ 1999ರಲ್ಲಿ, ತಮ್ಮ ಹಳೆಯ ತಂತ್ರಾಂಶ 2000ನೆಯ ಇಸವಿಯನ್ನು ದಾಟಲಾರದು ಎಂಬುದು ಖಚಿತವಾದಾಗ, ಅವರು ಹೊಸದನ್ನೇ ಬರೆಯಿಸಿ ಲೋಕಕ್ಕೆ ಬಿಟ್ಟುಕೊಟ್ಟರು. ಅದು ಇಂದು ನಮ್ಮ ನಾಡಿನ ಅನೇಕ ಕಾಲೇಜುಗಳಲ್ಲಿಯೂ ಇರುವ ಕೋಹಾ. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ, ಅದೂ ಪಡೆದವರು ಮುಂದೆಂದಾದರೂ ತಮ್ಮ ಕಡೆಯಿಂದ ಏನನ್ನಾದರೂ ಹಿಂದಿರುಗಿಸುವರೆಂಬ ನಿರೀಕ್ಷೆ ಇರುವ ಉಡುಗೊರೆ. ನಮ್ಮಲ್ಲಿ ಮುಯ್ಯಿ ಎನ್ನುವುದಕ್ಕೆ ಅದು ಬಹಳ ಹತ್ತಿರ. ಮದುವೆಯಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ತಪ್ಪದೆ ತೀರಿಸುವ ನಾವು, ತಂತ್ರಾಂಶದ ವಿಷಯದಲ್ಲಿ ಊಟ ಮಾಡಿ ಎದ್ದು ಬಂದುಬಿಡುತ್ತೇವೆ.

ಹತ್ತನೆಯ ಸಂಜೆ ನಾನೂ 22.04 ಹಾಕಿದೆ. ಕೈಪಿಡಿಯಲ್ಲಿದ್ದ ಆಜ್ಞೆಗಳು ಒಂದರ ಹಿಂದೊಂದು, ಒಂದು ತಕರಾರೂ ಇಲ್ಲದೆ ನಡೆದವು. ಒಂದೂವರೆ ಗಂಟೆಯಲ್ಲಿ ಎಲ್ಲವೂ ಮುಗಿದು, ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು ಮನೆಗೆ ಹೋಗುವಷ್ಟು ಹೊತ್ತು ಉಳಿದಿತ್ತು. ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗಿತ್ತು ಎನ್ನಬೇಕು. ಅಂದಹಾಗೆ, ನಾನು ಅಷ್ಟು ಪಟ್ಟುಹಿಡಿದು ಕೂರಿಸಹೊರಟಿದ್ದ 23.10ರ ಆರೈಕೆ ಆ ಜುಲೈನಲ್ಲೇ ಮುಗಿಯಿತು. ನನ್ನ ಸಾಹಸ ಫಲಿಸಿದ್ದರೆ ಗ್ರಂಥಾಲಯದ ಸರ್ವರು ಆರು ತಿಂಗಳೊಳಗೆ ಅನಾಥವಾಗುತ್ತಿತ್ತು. 22.04ಕ್ಕೆ 2027ರವರೆಗೂ ಕಾಲವಿದೆ. ನೆರೆಯ ಕೇರಳದಲ್ಲಿ ಶಾಲೆಗಳಿಗಾಗಿ ಕೈಟ್ ಸಂಸ್ಥೆಯವರು ಉಬುಂಟುವಿನ ಇಂಥ ದೀರ್ಘಾವಧಿಯ ಆವೃತ್ತಿಯನ್ನೇ ಹಿಡಿದು, ಬೇಕಾದ ತಂತ್ರಾಂಶಗಳನ್ನು ಅದರಲ್ಲೇ ಕೂರಿಸಿ ಹಂಚುತ್ತಾರೆ. ಒಬ್ಬೊಬ್ಬ ಮೇಷ್ಟರೂ ಒಂಬತ್ತೊಂಬತ್ತು ಸಂಜೆ ಕಳೆಯಬೇಕಾಗಿಲ್ಲ ಎಂದು ಅಸೂಯೆಯಾಗುತ್ತದೆ.

ನ್ಯಾಕ್ ತಂಡ ಬಂದು ಹೋಯಿತು. ಆವೃತ್ತಿಯ ಕಲಮನ್ನು ಅವರು ಓದಿದರೋ ಇಲ್ಲವೋ ತಿಳಿಯಲಿಲ್ಲ, ಆಪರೇಟಿಂಗ್ ಸಿಸ್ಟಂ ಯಾವುದೆಂದಂತೂ ಯಾರೂ ಕೇಳಲಿಲ್ಲ. ಅದಾದ ಮೇಲೆ ಒಂದು ದಿನ ಕೂತು ತಂತ್ರಾಂಶ ಬರೆದವರಿಗೆ ಒಂದು ವರದಿ ಕಳಿಸಿದೆ. 23.10, ಐಸಿಯು 72, ಪರ್ಲ್ 5.36, ಎಲ್ಲಿಗೆ ನಿಂತಿತು, ನಿಂತಾಗ ಏನೆಂದಿತು, ನಾನು ಏನೇನು ಅನಾಹುತ ಮಾಡಿದೆ ಎಂಬುದನ್ನು ಒಂದೂ ಮುಚ್ಚಿಡದೆ ಬರೆದೆ. ಕೈಪಿಡಿಯಲ್ಲಿ ‘ಪರೀಕ್ಷಿಸಿದ್ದು’ ಮತ್ತು ‘ಪರೀಕ್ಷಿಸಿಲ್ಲ’ ಎಂದು ಎರಡು ಸಾಲು ಮಾಡಿ, ಪಕ್ಕದಲ್ಲಿ ತಿಂಗಳು ಮತ್ತು ವರ್ಷವನ್ನು ಹಾಕಬಹುದೇ ಎಂದೂ ಕೇಳಿದೆ. ಮೂರು ವಾರ ಬಿಟ್ಟು ಎರಡು ವಾಕ್ಯಗಳ ಉತ್ತರ ಬಂತು. ಮೂರು ಪದಗಳನ್ನು ತೆಗೆದಿದ್ದೇವೆ ಎಂಬುದು ಮೊದಲನೆಯದು. 24.04ರಲ್ಲಿ ನೋಡಲು ನಮಗೆ ಸದ್ಯಕ್ಕೆ ಬಿಡುವಿಲ್ಲ, ನೀವು ನೋಡಬಲ್ಲಿರಾ ಎಂಬುದು ಎರಡನೆಯದು.

ಲ್ಯಾಬಿನ ಮೂಲೆಯಲ್ಲಿ, ಕೆಟ್ಟ ಯುಪಿಎಸ್‌ಗಳ ಪಕ್ಕದಲ್ಲಿ, ವಿಲೇವಾರಿಗೆಂದು ಎತ್ತಿಟ್ಟಿದ್ದ ಒಂದು ಹಳೆಯ ಯಂತ್ರವಿತ್ತು. ಅದಕ್ಕೆ ಈಗ 24.04 ಹಾಕಿದ್ದೇನೆ, ಅದರ ಮೇಲೆ ಯಾರ ಪುಸ್ತಕವೂ ಇಲ್ಲ, ಯಾರ ಗಡುವೂ ಇಲ್ಲ. ಶನಿವಾರ ಮಧ್ಯಾಹ್ನ ಪಾಠಗಳು ಮುಗಿದ ಮೇಲೆ ಅಂತಿಮ ವರ್ಷದ ಒಬ್ಬ ಹುಡುಗನೊಂದಿಗೆ ಕೂರುತ್ತೇನೆ. ಮೇಡಂ ತಮ್ಮ ಬಳಿ ಉಳಿದಿದ್ದ ಒಂದು ಖಾಲಿ ಅಕ್ಸೆಷನ್ ರಿಜಿಸ್ಟರನ್ನು ಕೊಟ್ಟಿದ್ದಾರೆ. ಕ್ರಮಸಂಖ್ಯೆ, ದಿನಾಂಕ ಎಂಬ ಕಲಮುಗಳು ಹಾಗೇ ಇವೆ, ಲೇಖಕರು ಎಂಬಲ್ಲಿ ಪ್ಯಾಕೇಜಿನ ಹೆಸರು, ಬೆಲೆ ಎಂಬಲ್ಲಿ ಆವೃತ್ತಿ ಸಂಖ್ಯೆ ಬರೆಯುತ್ತೇವೆ. ಹೋದ ವಾರದವರೆಗಿನ ಸ್ಥಿತಿ ಇಷ್ಟು: ಕನ್ನಡದಲ್ಲಿ ಹುಡುಕಿದರೆ ಪುಸ್ತಕ ಸಿಗುತ್ತದೆ, ಒತ್ತಕ್ಷರಗಳೂ ಸರಿಯಾಗಿವೆ. ಬಾರ್‌ಕೋಡ್ ಚೀಟಿ ಮಾತ್ರ ಇನ್ನೂ ಅಡ್ಡಡ್ಡವಾಗಿ ಅಚ್ಚಾಗುತ್ತಿದೆ.